ಅಟ್ಟದ ಲೆಕ್ಕ ಕೇಳಬಾರದು

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಿಸಿಎ ಓದುವಾಗ ಗುಬ್ಬಿ ಹತ್ತಿರದ ನಮ್ಮೂರಿನಿಂದ ತುಮಕೂರಿಗೆ ದಿನವೂ ಓಡಾಡಿದ್ದೇನೆ. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲವಾದ್ದರಿಂದ ಬಸ್ಸಿನಲ್ಲಿ ನಿಂತುಕೊಂಡೇ ಪ್ರೋಗ್ರಾಮುಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಪ್ರೋಗ್ರಾಂ ಬಾಯಿಪಾಠ ಮಾಡುವಂಥದ್ದಲ್ಲ ಎಂದು ಹೇಳುವವರು ಮನೆಯಲ್ಲಿ ಯಾರಿದ್ದರು? ಲ್ಯಾಬಿನಲ್ಲಿ ಸರದಿ ಬಂದಾಗ ಬಾಯಿಗೆ ಬಂದದ್ದನ್ನೆಲ್ಲ ತಪ್ಪಿಲ್ಲದೆ ಹೊಡೆದು, ಅದು ಓಡಿದ ಮೇಲೆ ಯಾಕೆ ಓಡಿತು ಎಂದು ಯೋಚಿಸುತ್ತಿದ್ದೆ. ಹೀಗೆ ಹಿಂದುಮುಂದಾಗಿ ಕಲಿತವಳು ಇವತ್ತು ತುಮಕೂರಿನಲ್ಲೇ ವೆಬ್ ಡೆವಲಪರ್. ಬೆಂಗಳೂರಿಗೆ ಹೋಗಲಿಲ್ಲ. ಹೋಗಬೇಕು ಅನ್ನಿಸಲೂ ಇಲ್ಲ.

ಈ ಕೆಲಸ ಏನೆಂದು ಊರಿನವರಿಗೆ ತಿಳಿಸುವುದು ಮಾತ್ರ ಡಿಗ್ರಿಗಿಂತ ಕಷ್ಟವಾಯಿತು. ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆ ನಮಗೆ ಹತ್ತಿರ. ಓದಿದವರು ಅಲ್ಲಿಗೆ ಸೇರಬೇಕು ಎಂದು ನಮ್ಮ ಕಡೆ ಎಲ್ಲರೂ ಸೇರಿ ತೀರ್ಮಾನ ಮಾಡಿಬಿಟ್ಟಿದ್ದಾರೆ.

“ಹೆಲಿಕಾಪ್ಟರ್ ಮಾಡಿದ್ರೆ ನಾವೂ ತಲೆ ಎತ್ತಿ ನೋಡಬೌದು. ನೀನು ಮಾಡೋದು ಎಲ್ಲಿ ಹಾರ್ತದವ್ವ?” ಎಂದು ದೊಡ್ಡಪ್ಪ ಒಮ್ಮೆ ಕೇಳಿದರು. ನಾನು ಮಾಡಿದ್ದ ಒಂದು ಕಲ್ಯಾಣ ಮಂಟಪದ ವೆಬ್‌ಸೈಟನ್ನು ಮೊಬೈಲಿನಲ್ಲಿ ತೋರಿಸಿದೆ. ಕಣ್ಣಿನ ಹತ್ತಿರ ಹಿಡಿದು ನೋಡಿ, “ಮಂಟಪ ಚೆನ್ನಾಗಿ ಕಟ್ಟವ್ರೆ” ಎಂದು ವಾಪಸ್ಸು ಕೊಟ್ಟರು.

ನಮ್ಮ ಆಫೀಸು ಒಂದು ಬೇಕರಿಯ ಮೇಲಿನ ಮಹಡಿಯಲ್ಲಿದೆ. ಬೆಳಗ್ಗೆ ಹತ್ತೂವರೆಗೆ ಖಾರಾ ಬನ್ನಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ. ಶಾಲೆ, ನರ್ಸಿಂಗ್ ಹೋಂ, ಪೀಠೋಪಕರಣದ ಅಂಗಡಿ, ಸಿಹಿತಿಂಡಿ ಅಂಗಡಿ, ಇವುಗಳ ವೆಬ್‌ಸೈಟು ನಮ್ಮ ಕೆಲಸ. ನಮ್ಮ ಟೀಮ್ ಲೀಡರು ತುಮಕೂರಿನ ಪಕ್ಕದ ಕೋರದವರು. ಬೈಕಿನ ಹ್ಯಾಂಡಲಿಗೆ ತಮ್ಮ ಹೊಲದ ಹುರುಳಿಕಾಯಿ ಚೀಲ ನೇತುಹಾಕಿಕೊಂಡು ಬಂದು ನಮಗೆಲ್ಲ ಹಂಚುವ ಒಳ್ಳೆಯ ಮನುಷ್ಯ. ಆದರೆ ಕೆಲಸದ ವಿಷಯದಲ್ಲಿ ದಾಕ್ಷಿಣ್ಯವಿಲ್ಲ. ಹೋದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಅವರು ಎಲ್ಲರಿಗೂ ಹೇಳಿಬಿಟ್ಟರು: “ಇನ್ಮೇಲೆ ಹೊಸ ಪ್ರಾಜೆಕ್ಟು ಎಲ್ಲಾ ರಿಯಾಕ್ಟ್‌ನಲ್ಲೇ. ಕಲಿತವರು ಹೊಸದು ಮಾಡ್ತಾರೆ. ಕಲೀದೆ ಇದ್ದವರು ಹಳೇ ಸೈಟಿಗೆ ತೇಪೆ ಹಾಕ್ಕೊಂಡು ಇರಿ.”

ರಿಯಾಕ್ಟ್ ಅಂದರೆ ವೆಬ್‌ಸೈಟು ಕಟ್ಟುವ ಒಂದು ಹೊಸ ಪದ್ಧತಿ. ತೇಪೆ ಹಾಕಿಕೊಂಡು ಇರುವ ಜಾತಿ ನನ್ನದಲ್ಲ. ಗುಬ್ಬಿಯಿಂದ ತುಮಕೂರಿಗೆ ರೈಲಿನಲ್ಲಿ ಹೋಗಿ ಬರುವ ಹೊತ್ತನ್ನು ಕಲಿಯುವುದಕ್ಕೆ ಇಟ್ಟುಕೊಂಡೆ. ಸೀಟು ಸಿಕ್ಕರೆ ಲ್ಯಾಪ್‌ಟಾಪು, ಸಿಗದಿದ್ದರೆ ಮೊಬೈಲಿನಲ್ಲಿ ಪಾಠದ ವಿಡಿಯೋ. ಪಕ್ಕದಲ್ಲಿ ಕೂತ ಹೂವಿನ ಬುಟ್ಟಿಯ ಹೆಂಗಸರು ಇಣುಕಿ ನೋಡಿ, “ಏನವ್ವ ಇದು, ಸಿನಿಮಾನಾ? ಬರೀ ಅಕ್ಷರ ಓಡ್ತಾವೆ” ಎನ್ನುತ್ತಿದ್ದರು. ಅಮ್ಮನಿಗೆ ಬೇರೆಯದೇ ಚಿಂತೆ. “ಡಿಗ್ರಿ ಆಯ್ತು, ಕೆಲಸ ಸಿಕ್ತು, ಇನ್ನೂ ಓದೇನೇ? ಪಾಸ್ ಆಗಿದೀಯ ತಾನೆ?”

ಭಾನುವಾರ ಮಾತ್ರ ನನ್ನದಲ್ಲ, ಊರಿನ ಹೆಂಗಸರ ಸಂಘದ್ದು. ದೊಡ್ಡಮ್ಮ, ಅಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ, ಅದರ ಅಧ್ಯಕ್ಷೆ. ಸಂಘದ ಮೀಟಿಂಗಿಗೆ, ಬ್ಯಾಂಕಿಗೆ, ತಾಲ್ಲೂಕು ಕಚೇರಿಗೆ ಓದು ಬಲ್ಲವರು ಬೇಕಾದಾಗಲೆಲ್ಲ ನನ್ನನ್ನೇ ಎಳೆದುಕೊಂಡು ಹೋಗುತ್ತಿದ್ದರು. ಆ ಸಂಘಕ್ಕೆ ಬಹಳ ದಿನದ ಒಂದು ಆಸೆಯಿತ್ತು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಉಂಡೆ ಕೊಬ್ಬರಿ ಮಾಡುತ್ತಾರೆ. ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ಹತ್ತಿರ ಹತ್ತಿರ ಒಂದು ವರ್ಷ ಅಲ್ಲಾಡಿಸದೆ ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಕಾಯಿ ಅಲುಗಿಸಿದರೆ ಗಡಗಡ ಅನ್ನಬೇಕು. ಆಮೇಲೆ ಸಿಪ್ಪೆ ಸುಲಿದು ಚಿಪ್ಪು ಒಡೆದು ಉಂಡೆ ಉಂಡೆಯಾಗಿ ತೆಗೆಯುವುದು. ಇಷ್ಟೆಲ್ಲ ಮಾಡಿ, ಯಾರು ಕೊಳ್ಳುತ್ತಾರೆ, ಯಾರು ತಿನ್ನುತ್ತಾರೆ ಎಂದು ಗೊತ್ತಿಲ್ಲದೆ ದಲ್ಲಾಳಿಯ ಗಾಡಿಗೆ ತುಂಬಿ ಕೈ ತೊಳೆದುಕೊಳ್ಳುವುದು ದೊಡ್ಡಮ್ಮನಿಗೆ ಇಷ್ಟವಿರಲಿಲ್ಲ. “ನಮ್ಮ ಕೊಬ್ಬರೀನ ನಾವೇ ಮಾರಬೇಕು ಕಣೇ. ಒಂದೇ ಒಂದು ಸಲ ಮಾರಿ ತೋರಿಸಿದ್ರೆ ಸಾಕು, ಆಮೇಲೆ ಇವರೆಲ್ಲ ನನ್ನ ಹಿಂದೆ ಬತ್ತಾರೆ.”

ಆ ಒಂದು ಸಲ ನನ್ನ ಬಾಯಿಂದಲೇ ಬಂತು. ಕುಣಿಗಲ್ಲಿನಲ್ಲಿ ಹೆದ್ದಾರಿಯ ಪಕ್ಕ ಸಿಹಿತಿಂಡಿ ಅಂಗಡಿ ಇಟ್ಟುಕೊಂಡಿರುವ ಒಬ್ಬರ ವೆಬ್‌ಸೈಟು ನನ್ನ ಪಾಲಿಗೆ ಬಂದಿತ್ತು. ಫೋಟೋ ತೆಗೆಯಲು ಹೋಗಿದ್ದಾಗ ಮಾಲೀಕರು ಒಂದು ಮೂಟೆ ಬಿಚ್ಚಿ ಅಡಿಗೆಯವನ ಮೇಲೆ ರೇಗುತ್ತಿದ್ದರು. ಮೇಲೆ ಒಳ್ಳೆಯ ಕೊಬ್ಬರಿ, ಕೆಳಗೆ ಬೂಷ್ಟು. ನಾನು ಕ್ಯಾಮೆರಾ ಇಳಿಸಿ, “ನಮ್ಮೂರದ್ದು ತಗೊಂಡು ನೋಡಿ ಸಾರ್, ಗುಬ್ಬಿ ಕಡೇದು” ಎಂದುಬಿಟ್ಟೆ.

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಕಂಪ್ಯೂಟರಿನವಳು ಕೊಬ್ಬರಿ ಮಾರ್ತೀಯಾ? ಸರಿ, ದೀಪಾವಳಿಗೆ ಮುಂಚೆ ಇಪ್ಪತ್ತು ಮೂಟೆ ಬೇಕು, ಒಂದೇ ಸಲಕ್ಕೆ. ಆಮೇಲೆ ಅದಿಲ್ಲ ಇದಿಲ್ಲ ಅನ್ನಂಗಿಲ್ಲ. ಇದೆ ಇದೆ ಅಂತಾರಮ್ಮ, ಕೊನೆಗೆ ಕೈ ಎತ್ತುತಾರೆ. ನಿಮ್ಮ ಹತ್ರ ಎಷ್ಟಿದೆ ಅಂತ ನಾನು ಇಲ್ಲಿ ಕೂತ್ಕೊಂಡು ನೋಡಂಗಿರಬೇಕು. ತೋರಿಸಿದ್ರೆ ಈ ವರ್ಷ ಪೂರ್ತಿ ನಿಮ್ಮೂರದ್ದೇ. ಇಲ್ಲಾಂದ್ರೆ ಹಳಬರೇ ಗತಿ.”

ತೋರಿಸುವುದು ತಾನೆ ನನ್ನ ಕೆಲಸ? ರೈಲಿನಲ್ಲಿ ಕಲಿಯುತ್ತಿದ್ದ ರಿಯಾಕ್ಟ್‌ಗೆ ಕೈ ಪಳಗಿಸಲು ಒಂದು ಪ್ರಾಜೆಕ್ಟು ಬೇಕಿತ್ತು. ಸಂಘಕ್ಕೆ ಒಂದು ವೆಬ್ ಪೇಜು ಬೇಕಿತ್ತು. ಎರಡನ್ನೂ ಒಂದು ಮಾಡಿದೆ. ಪುಟ ಚೆನ್ನಾಗಿಯೇ ಆಯಿತು. ಟೈಪು ಮಾಡಲು ಬಾರದವರು ಮೈಕಿನ ಗುರುತು ಒತ್ತಿ ಬಾಯಲ್ಲಿ ಹೇಳಿದರೂ ಆಗುತ್ತಿತ್ತು. ಪ್ರತಿ ಮನೆಗೂ ಒಂದು ಸಾಲು, ಕೆಳಗೆ ಒಟ್ಟು. ತಲೆಬರಹದಲ್ಲಿ ದೊಡ್ಡಕ್ಷರದಲ್ಲಿ ಒಂದೇ ಪ್ರಶ್ನೆ: ಅಟ್ಟದ ಮೇಲೆ ಎಷ್ಟು ಮೂಟೆಯಾಗುವಷ್ಟಿದೆ? ಭಾನುವಾರ ದೊಡ್ಡಮ್ಮನ ಜಗಲಿಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಹೇಳಿಕೊಟ್ಟೆ. ಎಲ್ಲರೂ ಬೇಗ ಕಲಿತರು. ಎಲ್ಲರೂ ತುಂಬಿದರು.

ಒಟ್ಟು ಏಳು ಮೂಟೆ ಬಂತು.

ಪುಟದ ಲಿಂಕನ್ನು ಕುಣಿಗಲ್ಲಿನ ಅಂಗಡಿಯವರಿಗೂ ಕಳಿಸಿದ್ದೆ. ಮರುದಿನವೇ ಅಲ್ಲಿಂದ ಫೋನು. “ಏನಮ್ಮಾ, ಇಪ್ಪತ್ತು ಅಂದ್ರೆ ಏಳು ತೋರಿಸ್ತಾ ಇದೆ? ಮುಂದಿನ ಬುಧವಾರದವರೆಗೆ ನೋಡ್ತೀನಿ. ಆಮೇಲೆ ನಂಗೆ ಹಬ್ಬದ ಕೆಲಸ ಇದೆ.”

ಪುಟದಲ್ಲಿ ತಪ್ಪು ಲೆಕ್ಕ ಬಂದರೆ ಡೆವಲಪರ್ ಆದವಳು ಮೊದಲು ಅನುಮಾನಿಸುವುದು ತನ್ನ ಕೋಡನ್ನೇ. ಆ ವಾರವೆಲ್ಲ ರೈಲಿನಲ್ಲಿ ಅದೇ ಕೆಲಸ. ಕೂಡುವ ಸಾಲು ಸರಿಯಿತ್ತು. ಬಾಯಲ್ಲಿ ಹೇಳಿದ್ದನ್ನು ಅಂಕಿ ಮಾಡುವ ಭಾಗ ಸರಿಯಿತ್ತು. ನಾನೇ ಹತ್ತು ಎಂದರೆ ಹತ್ತೇ ಬರುತ್ತಿತ್ತು. ಶನಿವಾರ ಮಧ್ಯಾಹ್ನ ಮನೆಯ ನಡುಮನೆಯಲ್ಲಿ ಕೂತು ಒಂದೊಂದೇ ಮನೆಯ ಸಾಲು ಓದುತ್ತಾ ಬಂದೆ. ನಮ್ಮ ಮನೆಯ ಸಾಲಿನಲ್ಲಿ ಒಂದು ಮೂಟೆ ಎಂದಿತ್ತು. ಅಷ್ಟರಲ್ಲಿ ತಲೆಯ ಮೇಲೆ ಇಲಿಯೋ ಬೆಕ್ಕೋ ಓಡಿ, ಅಟ್ಟದ ತುಂಬ ಕಾಯಿಗಳು ಗಡಗಡ ಎಂದವು.

“ಅಮ್ಮಾ, ನಮ್ಮದು ಒಂದೇ ಮೂಟೇನಾ?”

“ಹೂಂ ಕಣೇ.” ಅಮ್ಮ ಅಕ್ಕಿ ಆರಿಸುತ್ತಿದ್ದಳು.

“ಮತ್ತೆ ಮೇಲಿರೋದು?”

“ಅದು ಮೇಲೈತೆ.”

“ಅದನ್ನೇ ಕೇಳಿರೋದು ಕಣಮ್ಮ!”

“ನೀನು ಕೇಳ್ತೀಯ ಅಂತ ಅಟ್ಟದ ಲೆಕ್ಕ ಊರಿಗೆಲ್ಲ ಹೇಳಕ್ಕಾಗ್ತದಾ? ಕಣ್ಣು ಬೀಳಲ್ವಾ? ಕಾಯಿ ಕೊಳ್ತೋದ್ರೆ ನಿನ್ನ ಕಂಪ್ಯೂಟ್ರು ಕೊಡ್ತದಾ?”

ನಾನು ಇದೇ ಮನೆಯಲ್ಲಿ ಬೆಳೆದವಳು. ಬಂದ ನೆಂಟರು ಅಟ್ಟದ ಕಡೆ ಕತ್ತೆತ್ತಿ, “ಈ ಸಲ ಜೋರಾಗೈತಲ್ಲ, ಎಷ್ಟಾಗ್ಬೌದು?” ಎಂದಾಗ ಅಪ್ಪ, “ಏನೋ ಒಂದಿಷ್ಟೈತೆ ಬುಡು” ಎಂದು ಮಾತು ತಿರುಗಿಸುವುದನ್ನು ನೋಡುತ್ತಲೇ ದೊಡ್ಡವಳಾಗಿದ್ದೇನೆ. ಕೇಳುವವರಿಗೂ ಉತ್ತರ ಬರುವುದಿಲ್ಲ ಎಂದು ಗೊತ್ತಿರುತ್ತದೆ. ನಾನೋ, ಅದನ್ನೇ ದೊಡ್ಡಕ್ಷರದಲ್ಲಿ ಬರೆದು, ಉತ್ತರವನ್ನು ಎಲ್ಲರ ಮೊಬೈಲಿಗೂ ಕಾಣುವ ಹಾಗೆ ಮಾಡಿದ್ದೆ.

ಮರುದಿನದ ಮೀಟಿಂಗಿನಲ್ಲಿ ಭಾಷಣ ಮಾಡಿದೆ. ಇದು ವ್ಯಾಪಾರ, ಇದರಲ್ಲಿ ದೃಷ್ಟಿಗಿಷ್ಟಿ ಏನೂ ಇಲ್ಲ, ಲೆಕ್ಕ ಹೇಳಿದರೆ ತಾನೆ ಕೊಳ್ಳುವವರಿಗೆ ನಂಬಿಕೆ, ಎಂದೆಲ್ಲ. ಎಲ್ಲರೂ ತಲೆ ಆಡಿಸಿದರು. ಮೂಲೆಯಲ್ಲಿದ್ದ ಎದುರು ಮನೆಯ ಅಕ್ಕ ಸೆರಗು ಬಾಯಿಗಿಟ್ಟುಕೊಂಡು, “ಡಿಗ್ರಿ ಮಾಡಿದ್ರೆ ದೃಷ್ಟಿ ತಾಕಲ್ವಂತೆ ಕಣ್ರೇ. ಮೊದ್ಲೇ ಗೊತ್ತಿದ್ರೆ ನಮ್ಮ ಎಮ್ಮೇಗೂ ಮಾಡಿಸ್ತಿದ್ದೆ” ಎಂದಳು. ಜಗಲಿಯೆಲ್ಲ ನಗು. ಇನ್ನೊಬ್ಬಳು, “ತೋಟಕ್ಕೆ ಕಟ್ಟಂಗೆ ನಿನ್ನ ಪೇಜಿಗೂ ಒಂದು ದೃಷ್ಟಿಬೊಂಬೆ ಕಟ್ಟವ್ವ, ಹೇಳ್ತೀವಿ” ಎಂದಳು.

ನಗು ಮುಗಿದ ಮೇಲೆ ಎಲ್ಲರೂ ನನ್ನ ಮುಖ ನೋಡಿ ಮತ್ತೆ ತುಂಬಿದರು. ಈ ಸಲ ಒಟ್ಟು ಆರು. ನನ್ನ ಭಾಷಣ ಕೇಳಿ ಯಾರೋ ಹೆದರಿ ಒಂದು ಕಡಿಮೆ ಮಾಡಿದ್ದರು.

ಎಲ್ಲರೂ ಎದ್ದುಹೋದ ಮೇಲೆ ದೊಡ್ಡಮ್ಮ ಜಮಖಾನ ಮಡಿಸುತ್ತಾ, “ಬುಡು ಮಗ. ದಲ್ಲಾಳಿಗೇ ಹೇಳಿ ಕಳಿಸ್ತೀನಿ. ಆಗ್ಲಿಲ್ಲ ಅಂದ್ರೆ ಆಗ್ಲಿಲ್ಲ” ಎಂದರು. ಅವರು ಬೈದಿದ್ದರೆ ನನಗೆ ಅಷ್ಟು ಅನ್ನಿಸುತ್ತಿರಲಿಲ್ಲ. ವರ್ಷಗಟ್ಟಲೆ ಆಸೆಪಟ್ಟದ್ದನ್ನು ಜಮಖಾನದ ಜೊತೆ ಮಡಿಸಿಡುತ್ತಿದ್ದರು. ಈ ಸಲ ಕೈ ತಪ್ಪಿದರೆ ಸಂಘದ ಹೆಂಗಸರು ಇನ್ನೊಂದು ಸಲ ಅವರ ಮಾತಿಗೆ ಬರುವುದಿಲ್ಲ ಎಂದು ನನಗೂ ಗೊತ್ತಿತ್ತು. “ಬುಧವಾರದವರೆಗೆ ಯಾರಿಗೂ ಹೇಳಿ ಕಳಿಸ್ಬೇಡಿ” ಎಂದಷ್ಟೇ ಹೇಳಿ ಬಂದೆ. ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಸೋಮವಾರ ಬೆಳಗ್ಗೆ ಆಫೀಸಿನಲ್ಲಿ ಯಾವಾಗಲೂ ಒಂದು ಸಣ್ಣ ಮೀಟಿಂಗು. ಟೀಮ್ ಲೀಡರು ಎಲ್ಲರನ್ನೂ ನಿಲ್ಲಿಸಿಕೊಂಡು, ನಿನ್ನದು ಎಷ್ಟಾಯಿತು, ನಿನ್ನದು ಎಷ್ಟಾಯಿತು, ಎಂದು ಸಾಲಾಗಿ ಕೇಳುತ್ತಾ ಹೋಗುತ್ತಾರೆ. ನನ್ನ ಪಕ್ಕದ ಕುರ್ಚಿಯ ಗೆಳತಿ ಶಾಲೆಯ ವೆಬ್‌ಸೈಟು ಶುಕ್ರವಾರವೇ ಮುಗಿಸಿ ನನಗೆ ತೋರಿಸಿದ್ದಳು. ಅವಳ ಸರದಿ ಬಂದಾಗ, “ಇನ್ನೂ ಸ್ವಲ್ಪ ಇದೆ ಸಾರ್” ಎಂದಳು. ಅವಳ ಪಕ್ಕದವನೂ “ಮುಕ್ಕಾಲು ಪಾಲು” ಎಂದ. ಅವನದೂ ಮುಗಿದಿತ್ತು. ನಾನು ನರ್ಸಿಂಗ್ ಹೋಮಿನದು ಮುಗಿಸಿಯಾಗಿತ್ತು. ಬಾಯಿ ತೆರೆದರೆ, “ಆಗ್ತಾ ಇದೆ ಸಾರ್” ಎಂದು ಬಂತು.

ಕೂತ ಮೇಲೆ ಗೆಳತಿಯನ್ನು ಕೇಳಿದೆ, “ಯಾಕೇ ಮುಗ್ದಿದ್ರೂ ಸುಳ್ಳು ಹೇಳ್ದೆ?”

“ಸುಳ್ಳೆಲ್ಲಿ ಹೇಳ್ದೆ? ಮುಗೀತು ಅಂದ್ರೆ ಇನ್ನೊಂದು ತಂದು ತಲೆ ಮೇಲೆ ಹಾಕ್ತಾರೆ. ಯಾವತ್ತಿಗೆ ಬೇಕು ಅಂತ ಕೇಳ್ಲಿ, ಅವತ್ತಿಗೆ ಕೊಡ್ತೀನಿ. ಕೈಯಲ್ಲಿ ಎಷ್ಟಿದೆ ಅಂತ ಯಾಕೆ ಕೇಳ್ಬೇಕು?”

ನನಗೆ ಜೋರಾಗಿ ನಗು ಬಂದುಬಿಟ್ಟಿತು. ಗಾಜಿನ ಆಫೀಸು, ಕೈಯಲ್ಲಿ ಲ್ಯಾಪ್‌ಟಾಪು, ಕೊರಳಲ್ಲಿ ಐಡಿ ಕಾರ್ಡು, ಎಲ್ಲ ಇದ್ದರೂ ನಾವೆಲ್ಲ ಅಟ್ಟದ ಲೆಕ್ಕ ಬಿಟ್ಟುಕೊಡದ ಜನವೇ. ಇರುವುದೆಷ್ಟು ಎಂದು ಕೇಳಿದರೆ ಯಾರಾದರೂ ಮೈ ಮುದುಡುತ್ತಾರೆ. ಕೊಡುವುದೆಷ್ಟು ಎಂದು ಕೇಳಿದರೆ ಎದೆ ಉಬ್ಬಿಸುತ್ತಾರೆ. ನಾನು ಬಗ್ ಹುಡುಕಿದ್ದು ಕೋಡಿನಲ್ಲಿ. ಅದು ಇದ್ದದ್ದು ನಾನು ಕೇಳಿದ ಪ್ರಶ್ನೆಯಲ್ಲಿ.

ಅವತ್ತು ಸಂಜೆ ರೈಲಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ತಲೆಬರಹ ಅಳಿಸಿ ಹೊಸದು ಬರೆದೆ: ಭಾನುವಾರದ ಗಾಡಿಗೆ ನಿಮ್ಮ ಮನೆಯಿಂದ ಎಷ್ಟು ಮೂಟೆ ಕೊಡುತ್ತೀರಿ? ಅಷ್ಟಕ್ಕೇ ಬಿಡಲಿಲ್ಲ. ಒಬ್ಬರ ಅಂಕಿ ಇನ್ನೊಬ್ಬರಿಗೆ ಕಾಣಬಾರದು, ಕುಣಿಗಲ್ಲಿನವರಿಗೆ ಒಟ್ಟು ಮಾತ್ರ ಕಾಣಬೇಕು. ಯಾರಿಗೆ ಏನು ಕಾಣಬೇಕು, ಏನು ಕಾಣಬಾರದು ಎಂದು ಬೀಗ ಹಾಕುವ ಪಾಠ ನಾನು ಎರಡು ಸಲ ನೋಡಿ ಅರ್ಥವಾಗದೆ ಮುಂದಕ್ಕೆ ಓಡಿಸಿದ್ದೆ. ಈಗ ಅದನ್ನು ತಡೆತಡೆದು ನೋಡಿದೆ. ಮಂಗಳವಾರ ಹೋಗುವಾಗ ಅರ್ಧ, ಬರುವಾಗ ಇನ್ನರ್ಧ. ಗುಬ್ಬಿ ಸ್ಟೇಷನ್ನಿನಲ್ಲಿ ಇಳಿಯುವಷ್ಟರಲ್ಲಿ ಬೀಗ ಬಿದ್ದಿತ್ತು, ನನ್ನ ತಲೆಯೊಳಗಿನದು ತೆರೆದಿತ್ತು. ಕೊಳ್ಳುವವರು ಬೇಡಿಕೆ ಹಾಕಲು, ಸಂಘ ಅದನ್ನು ಒಪ್ಪಿಕೊಳ್ಳಲು ಗುಂಡಿಗಳನ್ನೂ ಇಟ್ಟೆ. ಜಗಲಿಯಲ್ಲಿ ಕೇಳಿದ ಮಾತು ನೆನಪಾಗಿ ಪುಟದ ಮೂಲೆಯಲ್ಲಿ ಒಂದು ಪುಟ್ಟ ದೃಷ್ಟಿಬೊಂಬೆಯ ಚಿತ್ರವನ್ನೂ ಸೇರಿಸಿದೆ, ನಾಲಿಗೆ ಹೊರಗೆ ಹಾಕಿದ್ದು.

ಮನೆಗೆ ಬಂದು ಮೊದಲು ಅಮ್ಮನ ಮೇಲೆಯೇ ಪರೀಕ್ಷೆ.

“ಅಮ್ಮಾ, ಭಾನುವಾರ ಗಾಡಿ ಹೋಗ್ತದೆ. ನಮ್ಮ ಮನೆಯಿಂದ ಎಷ್ಟು ಕೊಡಾಣ?”

ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. “ನಾಕು ಹಾಕು. ನಿಮ್ಮ ದೊಡ್ಡಮ್ಮ ಮುಂದೆ ನಿಂತು ಮಾಡ್ತಾ ಅವ್ಳೆ, ನಾವು ಕಮ್ಮಿ ಕೊಟ್ರೆ ಚೆನ್ನಾಗಿರ್ತದಾ?”

“ಬೇರೆಯವರಿಗೆ ಕಾಣಲ್ಲ ಬಿಡು” ಎಂದೆ.

“ಕಾಣಲ್ವಾ?” ಅಮ್ಮನಿಗೆ ನಿರಾಸೆಯೇ ಆಯಿತು. “ನಾಕು ಅಂದ್ರೆ ಕಂಡ್ರೂ ಪರವಾಗಿಲ್ಲ ಕಣೇ.”

ಹೊಸ ಪುಟದ ವಿಷಯವನ್ನು ರಾತ್ರಿಯೇ ದೊಡ್ಡಮ್ಮನಿಂದ ಸಂಘದವರಿಗೆಲ್ಲ ಹೇಳಿಸಿದೆ. ಬುಧವಾರ ಆಫೀಸಿನಲ್ಲಿ ನನ್ನ ಕೈ ಕೆಲಸದ ಮೇಲಿದ್ದರೂ ಕಣ್ಣು ಮೊಬೈಲಿನ ಮೇಲಿತ್ತು. ಬೆಳಗ್ಗೆ ನಮ್ಮ ಮನೆಯದೂ ದೊಡ್ಡಮ್ಮನದೂ ಮಾತ್ರ ಇತ್ತು. ಊಟದ ಹೊತ್ತಿಗೆ ಹತ್ತು ದಾಟಿತು. ಮಧ್ಯಾಹ್ನದ ಮೇಲೆ ಹೆಂಗಸರು ತೋಟದಿಂದ ಮನೆಗೆ ಬಂದಿರಬೇಕು, ಅಂಕಿ ದಡದಡ ಏರತೊಡಗಿತು. ನಾನು ಕುರ್ಚಿಯಿಂದ ಅರ್ಧ ಎದ್ದು ನಿಂತಿದ್ದೆನಂತೆ. ಗೆಳತಿ ಆಮೇಲೆ ಹೇಳಿದಳು. ಇಪ್ಪತ್ತಾದಾಗ ಬಾಯಿಂದ “ಆಯ್ತು!” ಎಂದು ಕೂಗು ಬಂತು. ಟೀಮ್ ಲೀಡರು ತಿರುಗಿ ನೋಡಿದರು.

“ಏನಮ್ಮ, ಕ್ರಿಕೆಟ್ಟಾ?”

“ಕೊಬ್ಬರಿ ಸಾರ್.”

ಬಂದು ಮೊಬೈಲು ಕೈಗೆ ತೆಗೆದುಕೊಂಡರು. ಅವರೂ ಹಳ್ಳಿಯವರೇ, ಪ್ರಶ್ನೆ ಓದಿದ ಕೂಡಲೇ ಗಡ್ಡ ಕೆರೆದುಕೊಂಡು ನಕ್ಕರು. ಆಮೇಲೆ ಕೆಲಸದ ಮುಖ ಮಾಡಿಕೊಂಡು, ಒಟ್ಟು ಮಾತ್ರ ಕಾಣುವ ಹಾಗೆ ಹೇಗೆ ಮಾಡಿದೆ, ಬಾಯಲ್ಲಿ ಹೇಳಿದ್ದು ಅಂಕಿ ಹೇಗಾಗುತ್ತದೆ, ಎಂದು ಒಂದೊಂದೇ ಕೇಳಿದರು. ಕೋಡು ತೆರೆದು ತೋರಿಸಿದೆ. ಎರಡು ಕಡೆ ತಪ್ಪು ಹಿಡಿದರು, ಒಂದು ಕಡೆ “ಇದು ನಂಗೂ ಹೊಳೀತಿರ್ಲಿಲ್ಲ” ಎಂದರು. ಶುಕ್ರವಾರ ಹೊಸ ಪ್ರಾಜೆಕ್ಟಿಗೆ ಯಾರು ಯಾರು ಎಂದು ಹೇಳುವಾಗ ಮೊದಲು ಕರೆದದ್ದು ನನ್ನನ್ನು. ಯಾರ ಶಿಫಾರಸೂ ಇರಲಿಲ್ಲ. ಮನೆಯಲ್ಲಿ ಹೇಳಿಕೊಡುವವರಿಲ್ಲದೆ ರೈಲಿನಲ್ಲಿ ಕಲಿತದ್ದು ಕೈ ಹಿಡಿಯಿತು. ಆ ಸಂಜೆ ಕೆಳಗಿನ ಬೇಕರಿಯಿಂದ ಎಲ್ಲರಿಗೂ ಖಾರಾ ಬನ್ ತರಿಸಿದೆ.

ಒಟ್ಟು ನೋಡಿದ ಕುಣಿಗಲ್ಲಿನವರು ತರಲು ಹೇಳಿದ್ದರು. ಊರಿನಲ್ಲಿ ಗುರುವಾರದಿಂದ ಶನಿವಾರದವರೆಗೆ ಚಿಪ್ಪು ಒಡೆಯುವ ಟಕ್ ಟಕ್ ಸದ್ದು. ಬೀದಿಯಲ್ಲಿ ಹೋದರೆ ಎರಡೂ ಕಡೆಯಿಂದ ಕೊಬ್ಬರಿಯ ವಾಸನೆ. ಉಂಡೆಗೆ ಗೀರು ಬೀಳದ ಹಾಗೆ ಚಿಪ್ಪು ಬಿಡಿಸುವುದರಲ್ಲಿ ಹೆಂಗಸರಿಗೆಲ್ಲ ಪೈಪೋಟಿ. ದೊಡ್ಡಮ್ಮ ಮನೆಮನೆಗೂ ಹೋಗಿ ಮೂಟೆಯ ತಳಕ್ಕೆ ಕೈ ಹಾಕಿ ನೋಡಿದರು. ಎದುರು ಮನೆಯ ಅಕ್ಕ, “ಅತ್ತೆ ಸೊಸೆ ಆಭರಣ ನೋಡ್ದಂಗೆ ನೋಡ್ತಾಳೆ” ಎಂದು ರೇಗಿಸಿದರೂ ಅವರು ಬಿಡಲಿಲ್ಲ. ಮೇಲೊಂದು ಕೆಳಗೊಂದು ಇಡುವ ಸಂಘ ನಮ್ಮದಲ್ಲ ಎಂದು ತೋರಿಸುವುದೇ ಅವರಿಗೆ ಮುಖ್ಯವಾಗಿತ್ತು.

ಭಾನುವಾರ ಬೆಳಗ್ಗೆ ಗೂಡ್ಸ್ ಗಾಡಿ ತುಂಬಿತು. ಕೊನೆಯ ಗಳಿಗೆಯಲ್ಲಿ, ಹೇಳಿದ್ದಕ್ಕಿಂತ ಹೆಚ್ಚು ತಂದವರೂ ಇದ್ದರು. ದೊಡ್ಡಮ್ಮ, ನಾನು, ಎದುರು ಮನೆಯ ಅಕ್ಕ ಡ್ರೈವರ್ ಪಕ್ಕ ಒತ್ತಿಕೊಂಡು ಕೂತು ಹೆಬ್ಬೂರಿನ ಮೇಲೆ ಹೊರಟೆವು. ದೊಡ್ಡಮ್ಮ ದಾರಿಯುದ್ದಕ್ಕೂ ಹಿಂದಿನ ಮೂಟೆಗಳ ಕಡೆ ತಿರುಗಿ ತಿರುಗಿ ನೋಡುತ್ತಿದ್ದರು. ಕುಣಿಗಲ್ ಕೆರೆ ಕಂಡಾಗ, “ಬೇಡ ಅಂದುಬುಟ್ರೆ?” ಎಂದರು.

“ಅಂದ್ರೆ ಅಲ್ಲೇ ಹೆದ್ದಾರಿ ಪಕ್ಕ ಕೂತು ಮಾರೋಣ ಬುಡಕ್ಕ” ಎಂದಳು ಎದುರು ಮನೆಯವಳು.

ಅಂಗಡಿ ಮಾಲೀಕರು ಮಧ್ಯದ ಒಂದು ಮೂಟೆಯನ್ನೇ ಇಳಿಸಲು ಹೇಳಿದರು. ಬಾಯಿ ಬಿಚ್ಚಿಸಿ, ತೋಳಿನವರೆಗೆ ಕೈ ಇಳಿಸಿ, ತಳದಿಂದ ಒಂದು ಉಂಡೆ ತೆಗೆದರು. ಕತ್ತಿಯಲ್ಲಿ ಎರಡು ಹೋಳು ಮಾಡಿ ಒಂದನ್ನು ಅಡಿಗೆಯವನಿಗೆ ಕೊಟ್ಟು, ಇನ್ನೊಂದನ್ನು ತಾವು ಕಡಿದರು. ಒಳಗೆಲ್ಲ ಹಾಲಿನ ಬಿಳುಪು. ಅಡಿಗೆಯವನು ಅಗಿಯುತ್ತಲೇ ಇನ್ನೊಂದು ಉಂಡೆಗೆ ಕೈ ಹಾಕಿದ. ಮಾಲೀಕರು ಅವನ ಕೈಗೆ ಹೊಡೆದು, “ಮಿಠಾಯಿಗೆ ಕಣಯ್ಯ, ನಿನಗಲ್ಲ” ಎಂದರು. ದೊಡ್ಡಮ್ಮನ ಮುಖ ಅಲ್ಲಿಂದ ಅರಳಿತು.

ಎಣಿಸಿ ಇಳಿಸುವಾಗ ಇಪ್ಪತ್ತು ದಾಟಿ ಇಪ್ಪತ್ತಮೂರು ಆಯಿತು.

“ಜಾಸ್ತಿನೇ ತಂದಿದೀರಲ್ಲಮ್ಮ. ಇರಲಿ, ಎಲ್ಲಾ ಇಳಿಸಿ” ಎಂದು ಮಾಲೀಕರು ಕೈ ಒರೆಸಿಕೊಂಡರು. “ವರ್ಷ ಪೂರ್ತಿ ನಿಮ್ಮೂರದ್ದೇ ಅಂದಿದ್ನಲ್ಲ, ಅದೇ ಮಾತು. ಸಂಕ್ರಾಂತಿಗೆ ಮತ್ತೆ ಬೇಕು. ಊರಲ್ಲಿ ಇನ್ನೂ ಎಷ್ಟಿದೆ?”

ಎದುರು ಮನೆಯ ಅಕ್ಕ ಅಂಗಡಿಯ ಬೋರ್ಡು ಓದುವವಳಂತೆ ಆ ಕಡೆ ತಿರುಗಿಕೊಂಡಳು.

ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತರು. “ನಿಮಗೆಷ್ಟು ಬೇಕು ಅಂತ ನಮ್ಮ ಹುಡುಗಿ ಮಾಡಿರೋ ಪೇಜಲ್ಲಿ ಹಾಕಿ ಸ್ವಾಮಿ. ಕೊಡೋದು ನಮ್ಮ ಜವಾಬ್ದಾರಿ.”

ಮಾಲೀಕರು ನನ್ನ ಕಡೆ ತಿರುಗಿ, “ನೀನೊಬ್ಬಳೇನಾ ಅದನ್ನೆಲ್ಲ ಮಾಡಿದ್ದು? ನಾನು ಬೆಂಗಳೂರಲ್ಲಿ ಯಾರ ಕೈಲೋ ಮಾಡಿಸಿದೀರ ಅಂದ್ಕೊಂಡಿದ್ದೆ” ಎಂದರು.

“ನಾನೇ ಸಾರ್” ಎಂದೆ. “ತುಮಕೂರಿಗೂ ಗುಬ್ಬಿಗೂ ಮಧ್ಯೆ.”

ಅವರು ಅಲ್ಲೇ ನಿಂತು ಮೊಬೈಲು ತೆಗೆದು ಸಂಕ್ರಾಂತಿಯ ಬೇಡಿಕೆ ಹಾಕಿದರು. ದೊಡ್ಡಮ್ಮನ ಸೊಂಟದಲ್ಲಿದ್ದ ಫೋನು ಕಿಣಿ ಎಂದಿತು. ನಾನು ಕೈ ಚಾಚಿದೆ, ಅವರು ಕೊಡಲಿಲ್ಲ. ಕನ್ನಡಕ ಹುಡುಕಿ ಹಾಕಿಕೊಂಡು, ಪರದೆಯ ಮೇಲಿನ ಒಂದೊಂದೇ ಅಕ್ಷರವನ್ನು ಜೋರಾಗಿ ಓದಿ, ‘ಒಪ್ಪಿದ್ದೇವೆ’ ಎಂಬ ಹಸಿರು ಗುಂಡಿಯನ್ನು ಹೆಬ್ಬೆರಳಿನಿಂದ, ಅದು ಸಹಿ ಹಾಕುವ ಜಾಗವೋ ಎಂಬಂತೆ, ಗಟ್ಟಿಯಾಗಿ ಒತ್ತಿದರು.